ಕಾನೂನು ಓದುವ ನಮ್ಮ ಮಕ್ಕಳೂ ಕಲ್ಪಿತ ನ್ಯಾಯಾಲಯಗಳೂ

ಮನೆಗೊಬ್ಬ ಎಂಜಿನಿಯರ್ ಅಥವಾ ಡಾಕ್ಟರ್ ಇರಬೇಕೆಂಬ ಹಂಬಲ ನಮ್ಮ ಜನರಲ್ಲಿ ಇನ್ನೂ ಕಡಿಮೆಯಾಗಿಲ್ಲ. ಆದರೂ ಈಚೆಗೆ ನಮ್ಮ ಸಂಘದ ಕುಟುಂಬಗಳಲ್ಲಿ ಕಾನೂನು ಓದುವ ತರುಣ ತರುಣಿಯರು ಅಲ್ಲಲ್ಲಿ ಕಾಣಿಸಿಕೊಳ್ಳುತ್ತಿದ್ದಾರೆ. ಇದು ಸಂತೋಷದ ಸಂಗತಿ. ಅವರ ತಂದೆತಾಯಿಗಳು ಸಿಕ್ಕಾಗ ನನ್ನನ್ನು ಕೇಳುವ ಪ್ರಶ್ನೆ ಮಾತ್ರ ಒಂದೇ: “ಹುಡುಗ ಪರೀಕ್ಷೆಗೆ ಓದುವುದನ್ನು ಬಿಟ್ಟು ಯಾವುದೋ ಸ್ಪರ್ಧೆ ಎಂದು ಊರೂರು ತಿರುಗುತ್ತಾನೆ. ಹೋದಾಗಲೆಲ್ಲ ಶುಲ್ಕ, ಪ್ರಯಾಣ, ಕರಿ ಕೋಟು ಎಂದು ಖರ್ಚು. ಇದರಿಂದ ಏನು ಪ್ರಯೋಜನ?”

ನಾನು ಕಾನೂನು ಓದಿದವನಲ್ಲ. ಬಿ.ಎ. ಮಾಡಿ ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತನಾಗಿರುವವನು. ಆದರೆ ಕೋರ್ಟಿನ ಕಾಗದ ಬಂದರೆ ಪ್ಯಾರಾವಾರು ಉತ್ತರ ತಯಾರಿಸಿ ಸರಕಾರಿ ವಕೀಲರಿಗೆ ಕಳಿಸುವ ಕೆಲಸ ನಮ್ಮ ಸೆಕ್ಷನ್ನಿಗೆ ಸೇರಿದ್ದು. ಅರ್ಜಿದಾರನು ಮೂರನೆಯ ಪ್ಯಾರಾದಲ್ಲಿ ಹೇಳಿದ್ದಕ್ಕೆ ನಾವು ಮೂರನೆಯ ಪ್ಯಾರಾದಲ್ಲೇ ಉತ್ತರ ಕೊಡಬೇಕು. ಸುತ್ತಿ ಬಳಸಿ ಬರೆದರೆ ಕಡತ ಹಿಂದಿರುಗುತ್ತದೆ. ಆದ್ದರಿಂದ ವಕೀಲಿ ವಿದ್ಯೆಯ ಒಂದು ಅಂಚನ್ನಾದರೂ ನಾನು ಮುಟ್ಟಿದ್ದೇನೆ. ಆ ಅಷ್ಟು ಧೈರ್ಯದಿಂದ ಈ ನಾಲ್ಕು ಮಾತು ಬರೆಯುತ್ತಿದ್ದೇನೆ.

ನಾವಿರುವುದು ಶಂಶಾಬಾದಿನಲ್ಲಿ. ೨೦೦೮ರಲ್ಲಿ ವಿಮಾನ ನಿಲ್ದಾಣ ಇಲ್ಲಿಗೆ ಬಂದ ಮೇಲೆ ಈ ಊರಿನ ಹೆಸರನ್ನು ಕೇಳದವರಿಲ್ಲ. ದೇಶದ ನಾನಾ ಕಡೆಯಿಂದ ಕಾನೂನು ವಿದ್ಯಾರ್ಥಿಗಳ ತಂಡಗಳು ಇಲ್ಲಿ ಬಂದಿಳಿಯುವುದುಂಟು. ಅವರಲ್ಲಿ ಹೊಸಬರಿಗೆ ಒಂದು ಗಲಿಬಿಲಿ ಕಾದಿರುತ್ತದೆ. ಅವರು ಹೋಗಬೇಕಾದ ನಲ್ಸಾರ್ ಕಾನೂನು ವಿಶ್ವವಿದ್ಯಾನಿಲಯ ಇರುವುದು ಶಾಮೀರಪೇಟೆಯಲ್ಲಿ, ಶಂಶಾಬಾದಿನಲ್ಲಿ ಅಲ್ಲ. ಹೆಸರು ಅಕ್ಕತಂಗಿಯರ ಹಾಗಿದ್ದರೂ ಒಂದು ನಗರದ ದಕ್ಷಿಣಕ್ಕೆ, ಇನ್ನೊಂದು ಉತ್ತರಕ್ಕೆ. ೧೫೮ ಕಿಲೋಮೀಟರು ಸುತ್ತಳತೆಯ ಹೊರವರ್ತುಲ ರಸ್ತೆ ಎರಡನ್ನೂ ಮುಟ್ಟುತ್ತದೆ ಎಂಬುದೇ ಸಮಾಧಾನ.

ನಲ್ಸಾರ್ ಹುಟ್ಟಿದ್ದು ೧೯೯೮ರಲ್ಲಿ. ಅದಕ್ಕೆ ಹತ್ತು ವರ್ಷ ಮೊದಲು, ೧೯೮೮ರಲ್ಲಿ, ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಪಾಠ ಆರಂಭವಾಗಿತ್ತು. ಪಿ.ಯು.ಸಿ. ಮುಗಿಸಿ ನೇರವಾಗಿ ಐದು ವರ್ಷ ಕಾನೂನು ಓದುವ ಪದ್ಧತಿಗೆ ದೇಶದಲ್ಲಿ ಗೌರವ ತಂದುಕೊಟ್ಟದ್ದು ಆ ಶಾಲೆ. ಅದರ ಮೊದಲ ನಿರ್ದೇಶಕರು ಪ್ರೊಫೆಸರ್ ಮಾಧವ ಮೆನನ್. ಈಗ ನಮ್ಮ ಶಂಶಾಬಾದಿನಿಂದ ಬೆಂಗಳೂರು ಹೆದ್ದಾರಿ ಹಿಡಿದು ಮುಂದೆ ಹೋದರೆ ನಂದಿಗಾಮದ ಕಡೆಗೂ ಒಂದು ಖಾಸಗಿ ಕಾನೂನು ಕಾಲೇಜಿದೆ. ಪಕ್ಕದ ರಾಜೇಂದ್ರನಗರದ ಬುದ್ವೇಲಿನಲ್ಲಿ ತೆಲಂಗಾಣ ಹೈಕೋರ್ಟಿನ ಹೊಸ ಕಟ್ಟಡಕ್ಕೆ ೨೦೨೪ರ ಮಾರ್ಚಿಯಲ್ಲಿ ಶಂಕುಸ್ಥಾಪನೆಯಾಯಿತು. ಕಾನೂನು ಎಂಬುದು ಮೆಲ್ಲಮೆಲ್ಲನೆ ನಮ್ಮ ಮನೆಯ ಬಾಗಿಲಿಗೇ ಬರುತ್ತಿದೆ ಎನ್ನಬೇಕು.

ಇನ್ನು ಸ್ಪರ್ಧೆಯ ವಿಚಾರ. ಇವುಗಳಲ್ಲಿ ಮುಖ್ಯವಾದುದು ಮೂಟ್ ಕೋರ್ಟ್. ನಮ್ಮ ಕಾಲೇಜುಗಳವರು ಇದನ್ನು ‘ಅಣಕು ನ್ಯಾಯಾಲಯ’ ಎಂದು ಅಚ್ಚು ಹಾಕಿಸುತ್ತಾರೆ. ಅಣಕಿಸುವುದೆಂದರೆ ಗೇಲಿ ಮಾಡುವುದಲ್ಲವೆ? ಅಲ್ಲಿ ಗೇಲಿಯೇನೂ ಇಲ್ಲ. ಆದ್ದರಿಂದ ‘ಕಲ್ಪಿತ ನ್ಯಾಯಾಲಯ’ ಎಂಬುದೇ ನನಗೆ ಹೆಚ್ಚು ಒಪ್ಪುತ್ತದೆ.

ನಡೆಯುವ ಬಗೆ ಹೀಗೆ. ಸ್ಪರ್ಧೆ ನಡೆಸುವವರು ಒಂದು ಕಲ್ಪಿತ ಮೊಕದ್ದಮೆಯನ್ನು ತಿಂಗಳುಗಳ ಮೊದಲೇ ಪ್ರಕಟಿಸುತ್ತಾರೆ. ನಡೆದ ಸಂಗತಿಗಳೆಲ್ಲ ಅದರಲ್ಲಿ ಇರುತ್ತವೆ. ಸಾಕ್ಷಿ ವಿಚಾರಣೆ ಇರುವುದಿಲ್ಲ. ಕಾನೂನಿನ ಪ್ರಶ್ನೆ ಮಾತ್ರ ಉಳಿದಿರುತ್ತದೆ. ಸಾಮಾನ್ಯವಾಗಿ ಒಂದು ತಂಡದಲ್ಲಿ ಮೂವರು. ಇಬ್ಬರು ವಾದಿಸುವವರು, ಒಬ್ಬರು ಗ್ರಂಥ ಹುಡುಕಿ ಆಧಾರ ಒದಗಿಸುವವರು. ತಂಡವು ಮೊದಲು ಲಿಖಿತ ವಾದವನ್ನು ಕಳಿಸಬೇಕು. ಅದರಲ್ಲಿ ಕಾಲೇಜಿನ ಹೆಸರು ಬರೆಯುವಂತಿಲ್ಲ. ಒಂದು ಸಂಖ್ಯೆ ಮಾತ್ರ. ದೊಡ್ಡ ಕಾಲೇಜು, ಚಿಕ್ಕ ಕಾಲೇಜು ಎಂಬ ಭೇದ ಕಾಗದದ ಮೇಲೆ ಕಾಣದಿರಲಿ ಎಂದು ಈ ಏರ್ಪಾಡು. ಆಮೇಲೆ ನ್ಯಾಯಾಧೀಶರ ಸ್ಥಾನದಲ್ಲಿ ಕುಳಿತವರ ಎದುರು ಗೊತ್ತಾದ ನಿಮಿಷಗಳೊಳಗೆ ವಾದ. ಅವರು ಸುಮ್ಮನೆ ಕೇಳುತ್ತ ಕೂಡುವುದಿಲ್ಲ. ನಡುವೆ ತಡೆದು ಪ್ರಶ್ನೆ ಹಾಕುತ್ತಾರೆ. ಭಾಷಣ ಬಾಯಿಪಾಠ ಮಾಡಿಕೊಂಡು ಬಂದ ಹುಡುಗ ಅಲ್ಲಿಯೇ ಎಡವುತ್ತಾನೆ.

ಇದರಲ್ಲಿ ನನಗೆ ಬಹಳ ಮೆಚ್ಚುಗೆಯಾದ ನಿಯಮ ಇನ್ನೊಂದು. ಪ್ರತಿ ತಂಡವೂ ಎರಡೂ ಪಕ್ಷದ ವಾದವನ್ನು ಬರೆಯಬೇಕು, ಎರಡೂ ಪಕ್ಷದಲ್ಲಿ ನಿಂತು ಮಾತಾಡಬೇಕು. ಬೆಳಿಗ್ಗೆ ಅರ್ಜಿದಾರನ ವಕೀಲ, ಸಾಯಂಕಾಲ ಪ್ರತಿವಾದಿಯ ವಕೀಲ. ಕೆಲವರು ಇದನ್ನು ನಾಲಿಗೆ ಹೊರಳಿಸುವ ವಿದ್ಯೆ ಎಂದು ಹೀಗಳೆಯುತ್ತಾರೆ. ನಾನು ಒಪ್ಪುವುದಿಲ್ಲ. ಎದುರಿನವನ ಮಾತಿನಲ್ಲಿ ಎಷ್ಟು ಬಲವಿದೆಯೆಂದು ತಿಳಿಯದವನು ತನ್ನ ಕಕ್ಷಿದಾರನಿಗೆ ರಾಜಿ ಮಾಡಿಕೋ ಎಂದು ಹೇಳುವುದಾದರೂ ಹೇಗೆ?

ಈ ಬಗೆಯ ಸ್ಪರ್ಧೆಗಳಲ್ಲಿ ಹೆಸರಾದುದು ಫಿಲಿಪ್ ಜೆಸಪ್ ಅಂತರರಾಷ್ಟ್ರೀಯ ಸ್ಪರ್ಧೆ. ೧೯೬೦ರಲ್ಲಿ ಅಮೆರಿಕೆಯ ಹಾರ್ವರ್ಡಿನಲ್ಲಿ ಆ ಯುನಿವರ್ಸಿಟಿಯದೇ ಎರಡು ತಂಡಗಳ ನಡುವೆ ಇದು ಆರಂಭವಾಯಿತು. ಆಗಿನ ವಿಷಯ ಕ್ಯೂಬಾ ದೇಶದ ಭೂಸುಧಾರಣೆ. ಎರಡು ಕಲ್ಪಿತ ದೇಶಗಳು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ವ್ಯಾಜ್ಯ ತಂದಂತೆ ಇಲ್ಲಿ ವಾದ ನಡೆಯುತ್ತದೆ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ೧೯೯೯ರಲ್ಲೊಮ್ಮೆ, ೨೦೧೩ರಲ್ಲೊಮ್ಮೆ ಇದನ್ನು ಗೆದ್ದಿತು. ಹೇಗ್ ಎಂದರೆ ನಮಗೇನು ದೂರದ ಊರೇ? ಸಂವಿಧಾನ ಸಭೆಗೆ ಸಲಹೆಗಾರರಾಗಿದ್ದ ಮಂಗಳೂರು ಕಡೆಯ ಬೆನಗಲ್ ನರಸಿಂಗ ರಾಯರು ೧೯೫೨ರಲ್ಲಿ ಅದೇ ನ್ಯಾಯಾಲಯದ ನ್ಯಾಯಾಧೀಶರಾಗಿ, ೧೯೫೩ರಲ್ಲಿ ತೀರಿಕೊಳ್ಳುವವರೆಗೂ ಆ ಸ್ಥಾನದಲ್ಲಿದ್ದರು. ಯಾರ ಹೆಸರಿನಲ್ಲಿ ಸ್ಪರ್ಧೆ ನಡೆಯುತ್ತಿದೆಯೋ ಆ ಜೆಸಪ್ ಅವರು ಅಲ್ಲಿಗೆ ನ್ಯಾಯಾಧೀಶರಾಗಿ ಬಂದದ್ದು ರಾಯರ ತರುವಾಯ, ೧೯೬೧ರಲ್ಲಿ.

ಇಂಥ ದೊಡ್ಡ ಮಾತುಗಳನ್ನು ಕೇಳಿ ಸಣ್ಣ ಊರಿನ ಮಕ್ಕಳು ಹೆದರುವುದುಂಟು. ನನ್ನ ಅಕ್ಕನ ಮಗಳು ಕಲಬುರ್ಗಿಯಲ್ಲಿ ಕನ್ನಡದಲ್ಲಿಯೇ ಬಿ.ಎ. ಓದಿ, ಈಗ ಅಲ್ಲಿಯೇ ಮೂರು ವರ್ಷದ ಎಲ್‌ಎಲ್.ಬಿ.ಗೆ ಸೇರಿದ್ದಾಳೆ. ಮೊದಲ ಸಲ ಸ್ಪರ್ಧೆಗೆ ಹೋದವಳು ಒಂದು ಪ್ರಶ್ನೆ ಬರುತ್ತಲೇ ಮೂಕಳಾಗಿ ನಿಂತು, ಬಂದು ಫೋನಿನಲ್ಲಿ ಅತ್ತಳು. “ಮಾಮಾ, ಕಾನೂನು ನನಗ ಗೊತ್ತಿತ್ತು. ಇಂಗ್ಲಿಷಿನಾಗ ಬಾಯೇ ಬರಲಿಲ್ಲ ನೋಡ್ರಿ. ಇನ್ನ ಹೋಗಂಗಿಲ್ಲ” ಎಂದಳು. ಅಕ್ಕನಿಗೂ ಶುಲ್ಕದ ಹಣ ನೀರಿಗೆ ಹೋಯಿತೆಂಬ ಚಿಂತೆ.

ಆಕೆಯ ತೊಡಕು ಆಕೆಯೊಬ್ಬಳದೇ ಅಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾನಿಲಯಗಳ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಸಂವಿಧಾನದ ೩೪೮ನೆಯ ಅನುಚ್ಛೇದದ ಪ್ರಕಾರ ಸುಪ್ರೀಂ ಕೋರ್ಟಿನ ಮತ್ತು ಹೈಕೋರ್ಟುಗಳ ಕಲಾಪ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿ. ಸ್ಪರ್ಧೆಗಳೂ ಅದೇ ಹಾದಿ ಹಿಡಿದಿವೆ. ಆದರೆ ಈ ಹೈದರಾಬಾದಿನಲ್ಲಿ ಕನ್ನಡಿಗರು ಪರಭಾಷೆಯಲ್ಲಿ ಕಾನೂನು ಕಲಿಯುವುದು ಹೊಸದೇನಲ್ಲ. ೧೯೫೬ರವರೆಗೆ ಬೀದರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಹೈದರಾಬಾದು ಸಂಸ್ಥಾನಕ್ಕೆ, ಅನಂತರ ರಾಜ್ಯಕ್ಕೆ ಸೇರಿದ್ದವು. ಆ ಸೀಮೆಯವರ ಹೈಕೋರ್ಟು ಮೂಸಿ ನದಿಯ ದಂಡೆಯ ಮೇಲಿತ್ತು. ೧೯೧೮ರಲ್ಲಿ ತೆರೆದ ಉಸ್ಮಾನಿಯಾ ಯುನಿವರ್ಸಿಟಿಯಲ್ಲಿ ೧೯೪೮ರವರೆಗೂ ಪಾಠವೆಲ್ಲ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಉರ್ದು, ಕಾಲ ತಿರುಗಿದ ಮೇಲೆ ಇಂಗ್ಲಿಷು. ಆ ಹಿರಿಯರು ಭಾಷೆಗೆ ಅಂಜಿ ವಕೀಲಿಯನ್ನು ಬಿಟ್ಟಿದ್ದರೆ ಆ ಸೀಮೆಯ ರೈತನ ಕಡೆಯಿಂದ ಕೋರ್ಟಿನಲ್ಲಿ ನಿಲ್ಲುವವರು ಯಾರಿದ್ದರು?

ಆ ಹುಡುಗಿಗೆ ನಾನು ಹೇಳಿದ್ದು ಇಷ್ಟೆ: “ಮೊದಲು ಕನ್ನಡದಾಗ ವಾದ ಮಾಡವ್ವಾ. ಅದು ಗಟ್ಟಿ ಆದ ಮ್ಯಾಲೆ ಇಂಗ್ಲಿಷಿಗೆ ಹಾಕು.” ಆಕೆ ತನ್ನ ಅಜ್ಜಿಯನ್ನೇ ನ್ಯಾಯಾಧೀಶರ ಪೀಠದಲ್ಲಿ ಕೂಡಿಸಿದಳಂತೆ. ವಿಷಯ, ಮಗಳಿಗೆ ತಂದೆಯ ಆಸ್ತಿಯಲ್ಲಿ ಪಾಲು. ಹತ್ತು ನಿಮಿಷ ಕೇಳಿದ ಅಜ್ಜಿ, “ಅದೆಲ್ಲಾ ಖರೆ. ಆ ಅಣ್ಣ ಏನಂತಾನ?” ಎಂದು ಕೇಳಿದರಂತೆ. ಯಾವ ನ್ಯಾಯಪೀಠ ಕೇಳುವುದೂ ಅದನ್ನೇ. ಎರಡನೆಯ ಸ್ಪರ್ಧೆಯಲ್ಲಿ ಆಕೆಗೆ ಬಹುಮಾನವೇನೂ ಬರಲಿಲ್ಲ. ಆದರೆ ಕೇಳಿದ ಪ್ರಶ್ನೆಗಳಿಗೆಲ್ಲ, ತಪ್ಪೋ ಒಪ್ಪೋ, ಉತ್ತರ ಕೊಟ್ಟು ಬಂದಳು.

ಪಾಲಕರು ತಿಳಿದಿರಬೇಕಾದ ಇನ್ನೊಂದು ಸಂಗತಿಯುಂಟು. ಕಲ್ಪಿತ ನ್ಯಾಯಾಲಯ ಹವ್ಯಾಸವಲ್ಲ, ಪಠ್ಯದ ಭಾಗ. ಭಾರತೀಯ ವಕೀಲರ ಪರಿಷತ್ತಿನ ೨೦೦೮ರ ನಿಯಮಗಳಂತೆ ೧೦೦ ಅಂಕಗಳ ಒಂದು ಪತ್ರಿಕೆಯೇ ಇದಕ್ಕಿದೆ. ವಿದ್ಯಾರ್ಥಿಯು ಕಾಲೇಜಿನಲ್ಲಿಯೇ ಮೂರು ಸಲ ವಾದಿಸಬೇಕು. ಒಂದೊಂದಕ್ಕೆ ೧೦ ಅಂಕ, ಅದರಲ್ಲಿ ಬರವಣಿಗೆಗೆ ೫, ಮಾತಿಗೆ ೫. ಒಂದು ಸಿವಿಲ್, ಒಂದು ಕ್ರಿಮಿನಲ್ ಮೊಕದ್ದಮೆಯ ವಿಚಾರಣೆಯನ್ನು ಕೋರ್ಟಿನಲ್ಲಿ ಕುಳಿತು ನೋಡಿ ಬರೆದರೆ ೩೦. ಕಕ್ಷಿದಾರರ ಮಾತು ಕೇಳಿ ಕಾಗದಪತ್ರ ಸಿದ್ಧಪಡಿಸುವುದನ್ನು ವಕೀಲರ ಕಚೇರಿಯಲ್ಲಿ ನೋಡಿ ಬರೆದರೆ ೩೦. ಉಳಿದ ೧೦ ಮೌಖಿಕ ಪರೀಕ್ಷೆಗೆ. ಇದು ಸರಿಯಾಗಿ ನಡೆಯುವ ಕಾಲೇಜಿನ ಹುಡುಗನಿಗೆ ಸಾವಿರಾರು ರೂಪಾಯಿ ಕೊಟ್ಟು ಹೊರಗೆ ಹೋಗುವ ಅವಸರವಿಲ್ಲ. ಎಷ್ಟೋ ಕಡೆ ಇದು ಬರಿಯ ರೆಕಾರ್ಡ್ ಪುಸ್ತಕ ನಕಲು ಮಾಡುವ ಶಾಸ್ತ್ರವಾಗಿದೆ ಎಂಬುದೇ ವ್ಯಸನದ ಸಂಗತಿ. ಮಗನ ಅಂಕಪಟ್ಟಿ ನೋಡುವ ತಂದೆ, ಈ ಮೂರು ವಾದಗಳನ್ನು ಯಾರೆದುರು ಮಾಡಿದೆಯಪ್ಪಾ ಎಂದು ಒಮ್ಮೆ ಕೇಳಿ ನೋಡಲಿ.

ಅದೇ ನಿಯಮಗಳ ಪ್ರಕಾರ ಇಂಟರ್ನ್‌ಶಿಪ್ ಕೂಡ ಕಡ್ಡಾಯ. ಮೂರು ವರ್ಷದ ಕೋರ್ಸಿಗೆ ಒಟ್ಟು ೧೨ ವಾರ, ಐದು ವರ್ಷದ್ದಕ್ಕೆ ೨೦ ವಾರ. ಯಾವ ವರ್ಷವೂ ಒಂದೇ ಸಮನೆ ನಾಲ್ಕು ವಾರ ಮೀರಬಾರದು. ದೊಡ್ಡ ದೊಡ್ಡ ಕಂಪೆನಿಗಳ ಕಚೇರಿಗೆ ಮಕ್ಕಳು ಆಸೆಪಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲ ನಾಲ್ಕು ವಾರ ಜಿಲ್ಲಾ ಕೋರ್ಟಿನ ವಕೀಲರೊಬ್ಬರ ಬಳಿ ಕಳೆಯುವುದೇ ಲೇಸು. ವಕಾಲತ್ತು ಎಂದರೇನು, ವಾಯಿದೆ ಏಕೆ ಬೀಳುತ್ತದೆ, ಶಿರಸ್ತೇದಾರರ ಮೇಜಿನಲ್ಲಿ ಅರ್ಜಿ ಏಕೆ ತಿರುಗಿ ಬರುತ್ತದೆ ಎಂಬುದನ್ನು ಪುಸ್ತಕ ಹೇಳಿಕೊಡುವುದಿಲ್ಲ. ದಿಲ್ಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವೂ ಬೇಸಗೆ ಮತ್ತು ಚಳಿಗಾಲದಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. ಹೈದರಾಬಾದಿನಲ್ಲಿಯೇ ೨೦೨೧ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಕೇಂದ್ರವೊಂದು ತೆರೆಯಿತು. ಆ ವಿದ್ಯೆಯಲ್ಲಿ ಆಸಕ್ತಿಯುಳ್ಳವರು ಅತ್ತ ಕಣ್ಣಿಟ್ಟಿರಬಹುದು.

ಓದು ಮುಗಿಸುವವರಿಗೆ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಬಳಿ ಸಂಶೋಧನಾ ಸಹಾಯಕರಾಗುವ ಅವಕಾಶವಿದೆ. ಇದಕ್ಕೆ ‘ಲಾ ಕ್ಲರ್ಕ್’ ಎಂದು ಹೆಸರು. ೨೦೨೪ರ ಪ್ರಕಟಣೆಯಲ್ಲಿ ತಿಂಗಳಿಗೆ ೮೦,೦೦೦ ರೂಪಾಯಿ ಎಂದಿತ್ತು. ಇಂಥ ಕ್ಲರ್ಕುಗಳೂ ಇದ್ದಾರೆಂದು ನಮ್ಮ ಸೆಕ್ಷನ್ನಿನಲ್ಲಿ ಹೇಳಿದಾಗ ಎಲ್ಲರೂ ಸ್ವಲ್ಪ ಹೊತ್ತು ಲೇಖನಿ ಕೆಳಗಿಟ್ಟರು.

ಪ್ರಬಂಧ ಸ್ಪರ್ಧೆಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ನಿಜವಾದ ಸ್ಪರ್ಧೆಗಳಿವೆ, ಹಾಗೆಯೇ ಪ್ರಶಸ್ತಿಪತ್ರದ ಅಂಗಡಿಗಳೂ ಇವೆ. ತೀರ್ಪುಗಾರರು ಯಾರೆಂದು ಹೇಳದೆ, ಶುಲ್ಕ ಕಟ್ಟಿದವರಿಗೆಲ್ಲ ಪ್ರಶಸ್ತಿಪತ್ರ, ಇನ್ನಷ್ಟು ಕಟ್ಟಿದರೆ ಪತ್ರಿಕೆಯಲ್ಲಿ ಪ್ರಕಟಣೆ ಎಂದು ಆಸೆ ತೋರಿಸಿದರೆ ಅದು ವ್ಯಾಪಾರ. ಅಂಥ ಹತ್ತು ಪತ್ರಕ್ಕಿಂತ ತಾನೇ ಓದಿ ಬರೆದ ಒಂದು ಲಿಖಿತ ವಾದ ಹೆಚ್ಚು. ಓದಲು ಈಗ ದುಡ್ಡೂ ಬೇಕಿಲ್ಲ. ಸುಪ್ರೀಂ ಕೋರ್ಟು ತನ್ನ ತೀರ್ಪುಗಳ ವರದಿಗಳನ್ನು ೨೦೨೩ರಿಂದ ಅಂತರಜಾಲದಲ್ಲಿ ಉಚಿತವಾಗಿ ಒದಗಿಸುತ್ತಿದೆ. ಸಂವಿಧಾನ ಪೀಠದ ವಾದಗಳನ್ನು ೨೦೨೨ರ ಸೆಪ್ಟೆಂಬರಿನಿಂದ ಮನೆಯಲ್ಲಿ ಕುಳಿತು ನೋಡಬಹುದು. ಹಿರಿಯ ವಕೀಲರೂ ಪ್ರಶ್ನೆ ಬಂದಾಗ ತಡವರಿಸುವುದನ್ನು ಕಂಡರೆ ನಮ್ಮ ಮಕ್ಕಳ ಅಂಜಿಕೆ ಅರ್ಧ ಇಳಿದೀತು.

ಕೊನೆಯದಾಗಿ, ಬಹುಮಾನವಿಲ್ಲದ ಒಂದು ಕೆಲಸ. ೧೯೮೭ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯಂತೆ ಎಲ್ಲ ಮಹಿಳೆಯರಿಗೂ, ಮಕ್ಕಳಿಗೂ, ಪರಿಶಿಷ್ಟರಿಗೂ, ಬಂಧನದಲ್ಲಿರುವವರಿಗೂ ಉಚಿತ ಕಾನೂನು ನೆರವು ದೊರೆಯಬೇಕು. ಸಹಾಯಕ್ಕೆ ೧೫೧೦೦ ಎಂಬ ಫೋನ್ ಸಂಖ್ಯೆಯೂ ಇದೆ. ಕಾನೂನು ವಿದ್ಯಾರ್ಥಿಗಳು ಇದರಲ್ಲಿ ಸ್ವಯಂಸೇವಕರಾಗಬಹುದು. ಶಂಶಾಬಾದಿನ ಸುತ್ತ ಕಟ್ಟಡ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ ಬಂದ ನಮ್ಮವರು ಎಷ್ಟೋ ಮಂದಿ ಇದ್ದಾರೆ. ಕೂಲಿ ನಿಂತರೆ, ಅಪಘಾತವಾದರೆ ಯಾರಲ್ಲಿ ಹೇಳಬೇಕೆಂದು ಅವರಿಗೆ ತಿಳಿಯದು. ಅವರಿಗೆ ಕನ್ನಡದಲ್ಲಿ ವಿಷಯ ಬಿಡಿಸಿ ಹೇಳಿ, ತೆಲುಗಿನಲ್ಲಿಯೋ ಇಂಗ್ಲಿಷಿನಲ್ಲಿಯೋ ಅರ್ಜಿ ಬರೆದುಕೊಡುವ ಶಕ್ತಿ ನಮ್ಮ ಸಂಘದ ಕಾನೂನು ವಿದ್ಯಾರ್ಥಿಗಳಿಗೆ ಇರುವಷ್ಟು ಬೇರೆ ಯಾರಿಗಿದೆ?

ಅಕ್ಕನ ಮಗಳ ೧೨ ವಾರಗಳಲ್ಲಿ ಇನ್ನು ನಾಲ್ಕು ಉಳಿದಿವೆ. ಬರುವ ಬೇಸಗೆ ರಜೆಯಲ್ಲಿ ಆ ನಾಲ್ಕನ್ನು ಇಲ್ಲಿಯೇ ಇದ್ದು ಮುಗಿಸುತ್ತೇನೆಂದು ಬರೆದಿದ್ದಾಳೆ. ತೆಲುಗು ಅಕ್ಷರಗಳನ್ನು ಅಷ್ಟರೊಳಗೆ ಕಲಿತುಕೊಂಡು ಬಾ ಎಂದು ನಾನು ಉತ್ತರ ಬರೆದಿದ್ದೇನೆ.