ಮಂಗನ ಕಾಯಿಲೆಯೂ ಔಷಧ ರಸಾಯನವೂ

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಅರಣ್ಯದಲ್ಲಿ ಮಂಗಗಳು ಸಾಲಾಗಿ ಸತ್ತುಬಿದ್ದವು. ಕಾಡಿಗೆ ಹೋಗಿಬರುವ ಜನರೂ ಉಗ್ರವಾದ ಜ್ವರಕ್ಕೆ ತುತ್ತಾದರು. ನಾವು ದನಗಳ ಮೈಮೇಲೆ ಕಾಣುವ ಉಣ್ಣಿಯ ಜಾತಿಯದೇ ಆದ ಕಾಡಿನ ಉಣುಗು ಕಚ್ಚುವುದರಿಂದ ಈ ಬೇನೆ ಹರಡುತ್ತದೆ. ನಮ್ಮದು ಬಯಲುಸೀಮೆಯ ಎರೆನೆಲ. ಆದರೆ ನೆರೆಯ ಉತ್ತರ ಕನ್ನಡದ ಕಾಡಂಚಿನ ಹಳ್ಳಿಗಳು ಮಂಗನ ಕಾಯಿಲೆಯನ್ನು ಚೆನ್ನಾಗಿ ಬಲ್ಲವು.

ಆರು ದಶಕಗಳು ಕಳೆದರೂ ಈ ವೈರಾಣುವನ್ನೇ ಅಡಗಿಸುವ ಮದ್ದು ಸಿದ್ಧಿಸಿಲ್ಲ. ಜ್ವರಕ್ಕೂ ಮೈನೋವಿಗೂ ಪ್ಯಾರಾಸಿಟಮಾಲ್ ಕೊಡುವರು. ಅದು ನೋವನ್ನು ಶಮನಗೊಳಿಸುವುದೇ ಹೊರತು ವೈರಾಣುವನ್ನು ಮುಟ್ಟದು. ನೋವು ಇಳಿದರೆ ರೋಗವೇ ಹೋಯಿತೆಂದು ತಿಳಿಯುವುದು ನಮ್ಮ ಜನರ ರೂಢಿ. ಈ ಕಾಯಿಲೆಯಲ್ಲಾದರೋ ಬಿಟ್ಟ ಜ್ವರ ಒಂದೆರಡು ವಾರಗಳ ತರುವಾಯ ಕೆಲವರಲ್ಲಿ ಮರಳಿ ಬಂದು ಮಿದುಳನ್ನು ಕಾಡುವುದುಂಟು. ಆಸ್ಪಿರಿನ್ನಿನ ಮಾತೇ ಬೇರೆ. ನೋವಿಗೆ ಕಾರಣವಾಗುವ ಪ್ರೊಸ್ಟಾಗ್ಲಾಂಡಿನ್ ಎಂಬ ದ್ರವ್ಯದ ಉತ್ಪತ್ತಿಯನ್ನು ಅದು ತಡೆಯುವುದೆಂದು 1971ರಲ್ಲಿ ಜಾನ್ ವೇನ್ ತೋರಿಸಿಕೊಟ್ಟರು. ಆದರೆ ಅದು ನೆತ್ತರು ಹೆಪ್ಪುಗಟ್ಟಿಸುವ ಕಣಗಳನ್ನೂ ಅಶಕ್ತಗೊಳಿಸುತ್ತದೆ. ಮೂಗು, ಒಸಡುಗಳಿಂದ ರಕ್ತ ಒಸರಬಹುದಾದ ಈ ರೋಗದಲ್ಲಿ ಅದನ್ನು ಅಂಗಡಿಯಿಂದ ತಂದು ನುಂಗುವುದು ಅಪಾಯಕರ.

ವೈರಾಣುವಿಗೆ ಮದ್ದೇಕೆ ದುರ್ಲಭ? ಅದಕ್ಕೆ ಸ್ವಂತ ಮನೆಯಿಲ್ಲ, ಒಲೆಯಿಲ್ಲ. ನಮ್ಮ ಜೀವಕೋಶವನ್ನು ಹೊಕ್ಕು ನಮ್ಮ ಸಾಮಗ್ರಿಯಿಂದಲೇ ತನ್ನ ಸಂತತಿಯನ್ನು ಬೆಳೆಸುತ್ತದೆ. ಅದಕ್ಕೆ ಹೊಡೆದ ಏಟು ನಮಗೂ ತಗಲುತ್ತದೆ. ರಸಾಯನಜ್ಞರು ಹೂಡಿದ ಉಪಾಯವೊಂದು ವ್ಯಾಕರಣದ ಪಾಠ ಹೇಳುವ ನನಗೆ ಬಹು ಸೊಗಸಾಗಿ ತೋರಿತು. ಈ ವೈರಾಣುವಿನ ಬೀಜರೂಪವಾದ ಆರ್‌ಎನ್‌ಎ ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ದೀರ್ಘ ವಾಕ್ಯದಂತಿದೆ. ಅಡಿನೋಸಿನ್ ಅವುಗಳಲ್ಲೊಂದು. ಅದನ್ನು ಹೋಲುವ ಹುಸಿ ಅಕ್ಷರವೊಂದನ್ನು ರಚಿಸಿ ಒಳಗೆ ಕಳುಹಿಸಿದರೆ, ಪ್ರತಿ ತೆಗೆಯುವ ವೈರಾಣುವಿನ ಕಿಣ್ವ ಮೋಸಹೋಗಿ ಅದನ್ನೇ ಸೇರಿಸುತ್ತದೆ. ಮುಂದಿನ ಅಕ್ಷರದೊಡನೆ ಸಂಧಿಯಾಗದು. ವಾಕ್ಯ ಅಲ್ಲಿಗೇ ನಿಲ್ಲುತ್ತದೆ.

ಡೆಂಗೆ ಜ್ವರಕ್ಕೆಂದು ಸಿಂಗಪುರದ ನೊವಾರ್ಟಿಸ್ ಸಂಶೋಧನಾಲಯದಲ್ಲಿ ರಚಿತವಾಗಿ 2009ರಲ್ಲಿ ಪ್ರಕಟವಾದ ಎನ್‌ಐಟಿಡಿ 008 ಎಂಬುದು ಇಂಥ ಹುಸಿ ಅಕ್ಷರ. ಪ್ರಯೋಗಶಾಲೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ಅದು ಕ್ಯಾಸನೂರಿನ ವೈರಾಣುವನ್ನೂ ತಡೆಯಿತೆಂದು 2016ರಲ್ಲಿ ವರದಿಯಾಯಿತು. ಅಷ್ಟಕ್ಕೇ ಹಿಗ್ಗುವಂತಿಲ್ಲ. ಎರಡು ವಾರ ಸತತವಾಗಿ ಕೊಟ್ಟಾಗ ಇಲಿಗಳಿಗೂ ನಾಯಿಗಳಿಗೂ ಅದು ವಿಷವಾಗಿ ಪರಿಣಮಿಸಿತ್ತು. ಆದುದರಿಂದ ರೋಗಿಯ ಹಾಸಿಗೆಯವರೆಗೆ ಬರಲಿಲ್ಲ. ವೈರಾಣುವನ್ನು ವಂಚಿಸಿ ನಮ್ಮ ದೇಹವನ್ನು ನೋಯಿಸದ ಅಕ್ಷರವೇ ಬೇಕಾಗಿದೆ.

ಹಳೆಯ ಲಸಿಕೆಗೆ ಕಸುವಿಲ್ಲವೆಂದು 2022ರಲ್ಲಿ ಅದರ ಬಳಕೆಯೂ ನಿಂತಿತು. ಸದ್ಯಕ್ಕೆ ಮಲೆನಾಡಿನ ಕಾಡಿಗೆ ಹೋಗುವವರು ಆರೋಗ್ಯ ಇಲಾಖೆಯವರು ಕೊಡುವ ಡೀಪಾ ತೈಲವನ್ನು ಕೈಕಾಲುಗಳಿಗೆ ಲೇಪಿಸಿಕೊಂಡು ಹೋಗಿ, ಮರಳಿದೊಡನೆ ಬಿಸಿನೀರಿನಲ್ಲಿ ಮಿಂದು, ತೊಟ್ಟ ಬಟ್ಟೆಗಳನ್ನೂ ಬಿಸಿನೀರಿನಲ್ಲಿ ಒಗೆಯತಕ್ಕದ್ದು.