ಗಣಕಯಂತ್ರದ ನಿದ್ರೆಯೂ ಎಚ್ಚರವೂ

ರೇಷ್ಮೆಯ ಸೀಮೆಯಾದ ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲದಂತಹ ಊರುಗಳಲ್ಲಿ, ಹುಳು ಜ್ವರಕ್ಕೆ ಕುಳಿತಾಗ ಅದನ್ನು ಕದಲಿಸಬಾರದೆಂಬುದು ಮಕ್ಕಳಿಗೂ ತಿಳಿದ ವಿಷಯ. ಮನೆಯ ಗಣಕಯಂತ್ರಕ್ಕೂ ಅಂತಹುದೇ ಒಂದು ನಿದ್ರೆಯುಂಟು.

ಆಗ ತೆರೆಯು ಆರುವುದು, ಪ್ರೊಸೆಸರು ವಿರಮಿಸುವುದು, ನೆನಪನ್ನು ಹಿಡಿದಿಡುವ ರ್‍ಯಾಮಿಗೆ ಮಾತ್ರ ಅಲ್ಪ ವಿದ್ಯುತ್ತು ಹರಿಯುತ್ತಿರುವುದು. 1996ರಲ್ಲಿ ಪ್ರಕಟವಾದ ಎ.ಸಿ.ಪಿ.ಐ. ನಿಯಮಾವಳಿಯು ಈ ಸ್ಥಿತಿಯನ್ನು ಎಸ್-3 ಎಂದು ಕರೆದಿದೆ. ಅನುಮತಿಯಿದ್ದಲ್ಲಿ ಕೀಬೋರ್ಡಿಗೂ ಮೌಸಿಗೂ ಕಿಂಚಿತ್ ವಿದ್ಯುತ್ತು ದೊರೆಯುತ್ತಿದ್ದು, ಕೀಲಿಯನ್ನೊತ್ತಿದೊಡನೆ ಎಚ್ಚರಿಸುವ ಸಂಕೇತವು ಯಂತ್ರವನ್ನು ಮುಟ್ಟುವುದು.

ಆದರೆ ಮೌಸಿನ ಕಾವಲು ಅತಿ ಸೂಕ್ಷ್ಮವಾದುದು. ಮಗುವಿನ ಕೈ ಮೇಜಿಗೆ ತಗುಲಿದರೂ ಯಂತ್ರವು ಎಚ್ಚೆತ್ತು, ವ್ಯರ್ಥವಾಗಿ ವಿದ್ಯುತ್ತನ್ನು ನುಂಗಬಹುದು. ವಿಂಡೋಸ್ ಉಳ್ಳವರು ಡಿವೈಸ್ ಮ್ಯಾನೇಜರಿನಲ್ಲಿ ಮೌಸಿನ ಪವರ್ ಮ್ಯಾನೇಜ್‌ಮೆಂಟ್ ಪುಟವನ್ನು ತೆರೆದು, ಯಂತ್ರವನ್ನೆಬ್ಬಿಸುವ ಅನುಮತಿಯ ಗುರುತನ್ನು ತೆಗೆಯಬೇಕು. ಲಿನಕ್ಸಿನಲ್ಲಿ ಆ ಸಾಧನದ ವೇಕಪ್ ಕಡತದಲ್ಲಿ ‘ಡಿಸೇಬಲ್ಡ್’ ಎಂದು ಬರೆಯಬೇಕು. ಕೀಬೋರ್ಡಿನ ಅನುಮತಿಯನ್ನು ಉಳಿಸಿಕೊಳ್ಳುವುದು ಲೇಸು.

ಇನ್ನೊಂದು ಮಾತು. ಮೇಜಿನ ಯಂತ್ರವು ನಿದ್ರಿಸುತ್ತಿರುವಾಗ ಕರೆಂಟು ಹೋದರೆ ರ್‍ಯಾಮಿನಲ್ಲಿದ್ದುದೆಲ್ಲವೂ ಅಳಿಯುವುದು. ಬಳಿಕ ಯಾವ ಕೀಲಿಯೂ ಅದನ್ನು ಮರಳಿ ತಾರದು. ನೆನಪನ್ನು ಡಿಸ್ಕಿಗೆ ಬರೆದಿಡುವ ಹೈಬರ್ನೇಟ್ ಎಂಬ ಗಾಢನಿದ್ರೆಗೆ ಈ ಭಯವಿಲ್ಲ. ಆದುದರಿಂದ ವಾಚಕರೇ, ಮಗಳ ಪಾಠವಾಗಲಿ ಮನೆಯ ಲೆಕ್ಕವಾಗಲಿ, ಮೊದಲು ಬರೆದುದನ್ನು ಸೇವ್ ಮಾಡಿ, ಅನಂತರ ಯಂತ್ರವನ್ನು ಮಲಗಿಸಿರಿ.