ಹಳೆಯ ಜೀಪಿನ ಆಕ್ಸಲ್ ಬದಲಾಯಿಸುವ ಮುನ್ನ ಹಲ್ಲು ಎಣಿಸಿ

ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಡೆಯ ತೋಟಗಳಲ್ಲಿ ಗೊಬ್ಬರ, ಸಸಿ, ಕಾಫಿ ಮೂಟೆಗಳನ್ನು ಹೊತ್ತು ಹಳೆಯ ಜೀಪುಗಳು ಇಂದಿಗೂ ದುಡಿಯುತ್ತಿವೆ. ಮುಂಬಯಿಯ ಮಹೀಂದ್ರ ಸಂಸ್ಥೆ 1947ರಲ್ಲಿ ಜೋಡಿಸಲು ತೊಡಗಿದ ವಿಲ್ಲಿಸ್ ಜೀಪಿನ ವಂಶದವೇ ಇವು. ಎಂಜಿನ್ ಎರಡು ಮೂರು ಸಲ ಬದಲಾಗಿದ್ದರೂ ಆಶ್ಚರ್ಯವಿಲ್ಲ. ಕೊನೆಗೊಂದು ದಿನ ಹಿಂದಿನ ಡಿಫರೆನ್ಷಿಯಲ್ ಗೊರಗೊರ ಸದ್ದು ಮಾಡಲಾರಂಭಿಸುತ್ತದೆ. ಹೊಸ ಕ್ರೌನ್-ಪಿನಿಯನ್ ಹಾಕಿಸುವ ಖರ್ಚಿಗಿಂತ ಗುಜರಿಯಲ್ಲಿ ಸಿಗುವ ಇಡೀ ಆಕ್ಸಲ್ ಅಗ್ಗವೆಂದು ಮಾಲೀಕರು ಅದನ್ನೇ ತಂದು ಕೂರಿಸುತ್ತಾರೆ. ಯು-ಬೋಲ್ಟುಗಳು ಸರಿಯಾಗಿ ಕೂರುತ್ತವೆ, ಚಕ್ರಗಳೂ ಹೊಂದುತ್ತವೆ, ಜೀಪು ಪೇಟೆಗೆ ಹೋಗಿ ಸುಖವಾಗಿ ಬರುತ್ತದೆ. ತಪ್ಪು ತಿಳಿಯುವುದು ಆಷಾಢದ ಮಳೆಯಲ್ಲಿ, ತೋಟದ ಇಳಿಜಾರಿನಲ್ಲಿ ಫೋರ್ ವೀಲ್ ಹಾಕಿದಾಗ.

ಕಾರಣ ಹಲ್ಲುಗಳ ಲೆಕ್ಕದಲ್ಲಿದೆ. ಸಿಜೆ-3ಬಿ ಮಾದರಿಯ ಜೀಪಿನ ಪಿನಿಯನ್‌ನಲ್ಲಿ 8 ಹಲ್ಲು, ಕ್ರೌನ್ ಚಕ್ರದಲ್ಲಿ 43 ಹಲ್ಲು. ಅಂದರೆ ಪ್ರೊಪೆಲರ್ ಶಾಫ್ಟ್ 43 ಸುತ್ತು ತಿರುಗಿದರೆ ಚಕ್ರ 8 ಸುತ್ತು ತಿರುಗುತ್ತದೆ. ಇದನ್ನೇ 5.38ರ ಅನುಪಾತ ಎನ್ನುತ್ತಾರೆ. ಹೊರನೋಟಕ್ಕೆ ಇದೇ ಜಾತಿಯ ಆಕ್ಸಲಿನೊಳಗೆ 39ಕ್ಕೆ 8, ಅಂದರೆ 4.88, ಅಥವಾ 47ಕ್ಕೆ 11, ಅಂದರೆ 4.27 ಕೂಡ ಇರಬಹುದು. ಹೊರಗಿನ ಎರಕ ನೋಡಿ ಒಳಗಿನ ಹಲ್ಲು ಹೇಳಲು ಬರುವುದಿಲ್ಲ.

ಈ ಜೀಪುಗಳ ಟ್ರಾನ್ಸ್‌ಫರ್ ಕೇಸ್ ಫೋರ್ ವೀಲ್ ಹಾಕಿದೊಡನೆ ಮುಂದಿನ ಮತ್ತು ಹಿಂದಿನ ಶಾಫ್ಟುಗಳನ್ನು ಒಂದಕ್ಕೊಂದು ಬಿಗಿಯುತ್ತದೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಮುಂದೆ 5.38, ಹಿಂದೆ 4.88 ಇದ್ದರೆ ಮುಂದಿನ ಚಕ್ರ 100 ಅಡಿ ಉರುಳುವಷ್ಟರಲ್ಲಿ ಹಿಂದಿನದು 110 ಅಡಿ ಉರುಳಲು ಹವಣಿಸುತ್ತದೆ. ಗಟ್ಟಿ ನೆಲದಲ್ಲಿ ಈ 10 ಅಡಿಯ ಜಗಳ ತೀರುವ ದಾರಿಯೇ ಇಲ್ಲ. ಸ್ಟೀರಿಂಗ್ ಬಿಗಿಯುತ್ತದೆ, ಟ್ರಾನ್ಸ್‌ಫರ್ ಕೇಸ್ ಕಾಯುತ್ತದೆ, ಫೋರ್ ವೀಲಿನ ಲಿವರ್ ಹೊರಬರದೆ ಸಿಕ್ಕಿಕೊಳ್ಳುತ್ತದೆ, ಕೊನೆಗೆ ಶಾಫ್ಟಿನ ಕ್ರಾಸ್ ಅಥವಾ ಗೇರಿನ ಹಲ್ಲು ಮುರಿಯುತ್ತದೆ. ಕೆಸರಿನಲ್ಲಿ ಚಕ್ರ ಜಾರುವುದರಿಂದ ಏನೂ ಮುರಿಯಲಿಕ್ಕಿಲ್ಲ. ಆದರೆ ಅಪಾಯ ಅಲ್ಲಿಯೇ ಹೆಚ್ಚು. ಒಂದು ಜೊತೆ ಚಕ್ರ ಸದಾ ಜಾರುತ್ತಲೇ ಇರಬೇಕಾಗುತ್ತದೆ, ಜಾರುವ ಚಕ್ರಕ್ಕೆ ಪಕ್ಕದ ಹಿಡಿತವಿರುವುದಿಲ್ಲ. ಮೂಟೆ ತುಂಬಿದ ಟ್ರೈಲರ್ ಹಿಂದಿನಿಂದ ನೂಕುವಾಗ ತಿರುವಿನಲ್ಲಿ ಜೀಪಿನ ಬಾಲ ಅಡ್ಡ ಬೀಳಲು ಇಷ್ಟು ಸಾಕು. ಟೂ ವೀಲಿನಲ್ಲಿ ಓಡುವಾಗ ಮುಂದಿನ ಆಕ್ಸಲ್ ಸುಮ್ಮನೆ ಉರುಳುವುದರಿಂದ ಬೇಸಿಗೆಯುದ್ದಕ್ಕೂ ಈ ದೋಷ ಅಡಗಿರುತ್ತದೆ.

ಆದುದರಿಂದ ಹಣ ಕೊಡುವ ಮೊದಲೇ ಎಣಿಸಿ ನೋಡಬೇಕು. ಗುಜರಿಯಲ್ಲಿ ಬಿದ್ದಿರುವ ಆಕ್ಸಲಿನ ಒಂದು ಡ್ರಮ್ಮನ್ನು ಅಲುಗಾಡದಂತೆ ಹಗ್ಗದಿಂದ ಬಿಗಿದು, ಇನ್ನೊಂದನ್ನು ನಿಧಾನವಾಗಿ 16 ಸುತ್ತು ತಿರುಗಿಸಬೇಕು. ಪಿನಿಯನ್ ಫ್ಲೇಂಜಿಗೆ ಸೀಮೆಸುಣ್ಣದ ಗುರುತು ಹಾಕಿ ಅದರ ಸುತ್ತುಗಳನ್ನು ಎಣಿಸಬೇಕು. 43 ಬಂದರೆ 5.38, 39 ಬಂದರೆ 4.88, 34ರ ಹತ್ತಿರ ಬಂದು ನೇರವಾಗಿ ಕೂಡದಿದ್ದರೆ 4.27 ಇರಬಹುದು, ಆಗ 22 ಸುತ್ತು ತಿರುಗಿಸಿದರೆ 47 ಸರಿಯಾಗಿ ಬರುತ್ತದೆ. ಒಂದು ಚಕ್ರ ನಿಂತಿರುವಾಗ ಶಾಫ್ಟ್ ಅರ್ಧದಷ್ಟೇ ತಿರುಗುವುದರಿಂದ 8ರ ಬದಲು 16 ಎಂಬುದನ್ನು ಮರೆಯಬಾರದು. ಈ ಗೊಂದಲದಿಂದ ಮೋಸ ಹೋದವರೂ ಉಂಟು.

ಜೀಪಿನಲ್ಲೇ ಇರುವ ಆಕ್ಸಲನ್ನೂ ಹೀಗೆಯೇ ಎಣಿಸಬಹುದು. ಆದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರಗಳ ಮೇಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನ ಮೇಲಿದೆ. ಹಿಂದಿನ ಒಂದೇ ಒಂದು ಚಕ್ರವನ್ನು ಎತ್ತಿದರೂ ಹ್ಯಾಂಡ್‌ಬ್ರೇಕ್ ಜೀಪನ್ನು ತಡೆಯದು. ನೆಲದ ಮೇಲಿನ ಚಕ್ರ ಒಂದು ದಿಕ್ಕಿಗೂ ಎತ್ತಿದ ಚಕ್ರ ಇನ್ನೊಂದು ದಿಕ್ಕಿಗೂ ತಿರುಗಿ ಜೀಪು ಜಾಕಿನಿಂದ ಇಳಿದುಬಿಡುತ್ತದೆ. ಸಮತಟ್ಟು ನೆಲದಲ್ಲಿ ನಿಲ್ಲಿಸಿ, ನೆಲದ ಮೇಲಿರುವ ಚಕ್ರಗಳಿಗೆ ಎರಡೂ ಬದಿ ಕಲ್ಲು ಕೊಟ್ಟು, ಆಕ್ಸಲಿನಡಿ ಗಟ್ಟಿ ಮರದ ದಿಮ್ಮಿ ಇಟ್ಟ ಮೇಲೆಯೇ ಗೇರನ್ನು ನ್ಯೂಟ್ರಲ್‌ಗೆ ತಂದು ಹ್ಯಾಂಡ್‌ಬ್ರೇಕ್ ಬಿಡಬೇಕು. ಸುತ್ತು ಎಣಿಸುವವರು ಪಕ್ಕದಿಂದ ನೋಡಬೇಕೇ ಹೊರತು ಅಡಿಗೆ ನುಸುಳಬಾರದು.

ಹಲ್ಲು ಹೊಂದಿದರೂ ಉಳಿದ ಅಳತೆಗಳನ್ನು ಬಿಡುವಂತಿಲ್ಲ. ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಡುವ ಬದಿಯಲ್ಲೇ ಡಿಫರೆನ್ಷಿಯಲ್ ಗುಂಡು ಇರಬೇಕು. ಸ್ಪ್ರಿಂಗ್ ಕೂರುವ ಪ್ಯಾಡುಗಳ ನಡುವಿನ ಅಂತರ, ಬ್ರೇಕ್ ಡ್ರಮ್ಮಿನ ಅಳತೆ ಹಳೆಯದರಂತೆಯೇ ಇರಬೇಕು. ಐದು ಬೋಲ್ಟುಗಳು ಹೊಂದಿದವೆಂದು ಮೋಸ ಹೋಗಬಾರದು. ಜೀಪಿಗೂ ಮಾರುತಿ ಜಿಪ್ಸಿಗೂ ಬೋಲ್ಟಿನ ವೃತ್ತ ಒಂದೇ, ಐದೂವರೆ ಇಂಚು. ಚಕ್ರ ಕೂರುತ್ತದೆ, ಆಕ್ಸಲ್ ಬೇರೆಯೇ. ಟೈರುಗಳೂ ನಾಲ್ಕಕ್ಕೆ ನಾಲ್ಕೂ ಒಂದೇ ಅಳತೆಯವಾಗಿರಬೇಕು. ಹಿಂದೆ ಮಾತ್ರ ದೊಡ್ಡ ಟೈರು ಹಾಕಿದರೆ ಹಲ್ಲು ಸರಿಯಿದ್ದೂ ಅದೇ ಜಗಳ.

ಮುಂದೆ ಹಿಂದೆ ಎರಡನ್ನೂ ಸೇರಿಸಿ 4.27ಕ್ಕೆ ಬದಲಾಯಿಸಿದರೆ ರಸ್ತೆಯಲ್ಲಿ ವೇಗ ಹೆಚ್ಚುತ್ತದೆ, ಎಂಜಿನ್ನಿನ ಅಬ್ಬರ ತಗ್ಗುತ್ತದೆ. ನಿತ್ಯ ಪೇಟೆಗೆ ಓಡಾಡುವವರಿಗೆ ಇದು ಹಿತ. ಆದರೆ ಎಳೆಯುವ ಬಲ ಐದರಲ್ಲೊಂದು ಪಾಲು ಕುಗ್ಗುತ್ತದೆ, ಇಳಿಜಾರಿನಲ್ಲಿ ಎಂಜಿನ್ ಹಿಡಿದಿಡುವ ಶಕ್ತಿಯೂ ಅಷ್ಟೇ ಕುಗ್ಗುತ್ತದೆ. ಟ್ರೈಲರ್ ಎಳೆಯುವ ತೋಟದ ಜೀಪಿಗೆ 5.38 ಬಿಟ್ಟು ಬೇರೆ ಯೋಚನೆ ಬೇಡವೆಂದೇ ಹೇಳಬೇಕು. ಸ್ಪೀಡೋಮೀಟರಿನ ತಂತಿ ಟ್ರಾನ್ಸ್‌ಫರ್ ಕೇಸಿನಿಂದ ಬರುವುದರಿಂದ ಅದರ ಲೆಕ್ಕವೂ ತಪ್ಪುತ್ತದೆ: 4.88ಕ್ಕೆ ಬದಲಾಯಿಸಿದ ಮೇಲೆ ಮೀಟರು 40 ತೋರಿಸಿದರೆ ಜೀಪು 44ರಲ್ಲಿ ಓಡುತ್ತಿರುತ್ತದೆ. ನೋಂದಣಿ ಪತ್ರದ ವಿವರಕ್ಕೆ ವ್ಯತ್ಯಾಸ ತರುವ ಮಾರ್ಪಾಡಿಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತದೆ. ಬೇರೆ ಮಾದರಿಯ ಆಕ್ಸಲ್ ಹಾಕಿಸುವವರು ಮೊದಲೇ ಸಾರಿಗೆ ಕಚೇರಿಯಲ್ಲಿ ವಿಚಾರಿಸಬೇಕು.

ಹಳೆಯ ಹೌಸಿಂಗ್‌ಗೇ ಹೊಸ ಹಲ್ಲು ಹಾಕಿಸುವುದಾದರೆ ಕ್ರೌನ್ ಮತ್ತು ಪಿನಿಯನ್ ಒಂದೇ ಜೋಡಿಯವಾಗಿರಬೇಕು. ಎರಡರ ಮೇಲೂ ಕೊರೆದ ಜೋಡಿ ಸಂಖ್ಯೆ ಒಂದೇ ಇದೆಯೇ ನೋಡಬೇಕು. ಶಿಮ್ ಕೊಟ್ಟು ಹಲ್ಲುಗಳ ನಡುವಿನ ಆಟ ಹೊಂದಿಸಿ, ಹಲ್ಲಿಗೆ ಬಣ್ಣ ಬಳಿದು ಗುರುತು ನೋಡುವ ಮೆಕ್ಯಾನಿಕ್‌ನಿಂದಲೇ ಈ ಕೆಲಸ ಮಾಡಿಸಬೇಕು. ಕೈಯಂದಾಜಿನಲ್ಲಿ ಕೂರಿಸಿದ ಜೋಡಿ ಒಂದು ಕಾಫಿ ಕೊಯ್ಲು ಮುಗಿಯುವವರೆಗೂ ಬಾಳದು. ಇ.ಪಿ. 90 ಗೇರ್ ಆಯಿಲ್ ತುಂಬಿ, ಮೊದಲ 800 ಕಿ.ಮೀ. ಟ್ರೈಲರ್ ಕಟ್ಟದೆ ಓಡಿಸಿ, ಆ ಆಯಿಲನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನೋಡಬೇಕು. ನುಣ್ಣನೆಯ ಬೂದು ಪುಡಿ ಇದ್ದರೆ ಚಿಂತೆಯಿಲ್ಲ. ಬೆರಳಿಗೆ ಚುಚ್ಚುವ ಚೂರು ಸಿಕ್ಕಿದರೆ ಮಳೆಗಾಲಕ್ಕೆ ಮೊದಲೇ ಮತ್ತೆ ಬಿಚ್ಚಿಸಬೇಕು.